ಸಾಂಬಾರಿಗೆ ಬಿದ್ದ ಸ್ವರ

ಮಂಗಳೂರಿನಲ್ಲಿ ಈಗ ಮನುಷ್ಯನ ಜೀವ ಎದೆಯಲ್ಲಿಲ್ಲ, ಅಂಗಿಯ ಕಿಸೆಯಲ್ಲಿದೆ. ಮೊಮ್ಮಗಳು ಮೊದಲ ಸಲ ಎದ್ದು ನಿಂತದ್ದು ಅದರಲ್ಲಿ, ಆಸ್ಪತ್ರೆಯ ರಿಪೋರ್ಟು ಅದರಲ್ಲಿ, ಜಾಗದ ಪತ್ರದ ಫೋಟೊ ಅದರಲ್ಲಿ, ತೀರಿಹೋದವರ ಮುಖ ಅದರಲ್ಲಿ, ನಿನ್ನೆ ತಿಂದ ಗೋಳಿಬಜೆಯ ಹನ್ನೊಂದು ಫೋಟೊಗಳೂ ಅದರಲ್ಲೇ. ಎಲ್ಲವೂ ಅಂಗೈಯಗಲದ ಒಂದು ಫೋನಿನಲ್ಲಿ. ಅದು ಕೈಕೊಟ್ಟರೆ ಎಂತ ಗತಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಹಾಗೆಲ್ಲ ಆಗುದಿಲ್ಲ ಮಾರಾಯ್ರೆ."

ಆಗುತ್ತದೆ. ಹೇಗೆ ಆಗುತ್ತದೆ ಎಂಬುದನ್ನು ಬಿಕರ್ನಕಟ್ಟೆಯ ಗುಣವತಿಯಷ್ಟು ಚೆನ್ನಾಗಿ ಬಲ್ಲವರು ಈ ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ.

ಗುಣವತಿಯ ಗಂಡ ಮಹಾಬಲ ಶೆಟ್ರು. ಕೊಡಿಯಾಲ್‌ಬೈಲಿನಲ್ಲಿ ಅವರದ್ದೊಂದು ಕ್ಯಾಂಟೀನು. ಆ ಕ್ಯಾಂಟೀನಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಶೆಟ್ರ ಸ್ವರವೇ ಬೋರ್ಡು. ಗಲ್ಲಾದಲ್ಲಿ ಕುಳಿತು ಅವರು "ಎರಡು ಬನ್ಸ್, ಒಂದು ಚಾ!" ಎಂದು ಕೂಗಿದರೆ ಹೊಳೆಯಾಚೆ ಉಳ್ಳಾಲದಲ್ಲಿ ಯಾರೋ ಚಹಾಕ್ಕೆ ನೀರಿಡುತ್ತಿದ್ದರು. ಸಿಟಿ ಬಸ್ಸಿನ ಡ್ರೈವರುಗಳು ಆ ಕ್ಯಾಂಟೀನಿನ ಮುಂದೆ ಹಾರ್ನ್ ಹಾಕುವುದನ್ನೇ ಬಿಟ್ಟಿದ್ದರು. ಹಾಕಿ ಎಂತ ಪ್ರಯೋಜನ, ಕೇಳುವುದಿಲ್ಲವಲ್ಲ! ಒಮ್ಮೆ ಮೀನು ಮುಗಿದಾಗ ಶೆಟ್ರು "ಬಂಗುಡೆ ಖಾಲಿ!" ಎಂದದ್ದು ಪಕ್ಕದ ಕಾಲೇಜಿನ ಪರೀಕ್ಷಾ ಹಾಲಿಗೆ ಹೊಕ್ಕು, ಒಬ್ಬ ಹುಡುಗ ಅದನ್ನೇ ಉತ್ತರಪತ್ರಿಕೆಯಲ್ಲಿ ಬರೆದುಬಿಟ್ಟನಂತೆ. ಅವನಿಗೆ ಎರಡು ಅಂಕವೂ ಸಿಕ್ಕಿತಂತೆ. ಸುಳ್ಳೆಂದು ತೋರಿದರೆ ಆ ಹುಡುಗನನ್ನೇ ಹುಡುಕಿ ಕೇಳಿ.

ಅಂಥ ಗಂಟಲಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಂಟು ಎದ್ದಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆ ದಿನ ಆಸ್ಪತ್ರೆಯ ಮೆಟ್ಟಿಲಿಳಿಯಲು ಗುಣವತಿಗೆ ಒಂದು ವರ್ಷ ಹಿಡಿಯಿತು. ಮೇಲಿನ ಮೆಟ್ಟಿಲಲ್ಲಿ ಅವರ ತಲೆಕೂದಲು ಕಪ್ಪಿತ್ತು, ಕೆಳಗಿನ ಮೆಟ್ಟಿಲಲ್ಲಿ ಬಿಳಿಯಾಗಿತ್ತು.

ಮಾತಿನ ತರಬೇತಿ ಕೊಡುವ ಸಂಚಿತಾ ಎಂಬ ಹುಡುಗಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು. "ಅಂಕಲ್, ಆಪರೇಷನಿಗೆ ಇನ್ನೂ ಎಂಟು ದಿನ ಉಂಟು. ನಿಮಗೆ ದಿನಾ ಬೇಕಾಗುವ ಮಾತುಗಳನ್ನು ಒಂದೊಂದಾಗಿ ಫೋನಿನಲ್ಲಿ ವಿಡಿಯೊ ಮಾಡಿ ಇಡಿ. ನೀರು, ನೋವುಂಟು, ಮಗಳ ಹೆಸರು, ಆಂಟಿಯ ಹೆಸರು, ಎಲ್ಲ. ಗಾಯ ಒಣಗಿದ ಮೇಲೆ ನಾನು ಅದನ್ನು ಒಂದು ಆ್ಯಪಿಗೆ ಹಾಕಿ ಕೊಡ್ತೇನೆ. ಗುಂಡಿ ಒತ್ತಿದ್ರೆ ನಿಮ್ಮದೇ ಸ್ವರ ಬರ್ತದೆ."

"ನನ್ನದೇ?" ಎಂದರು ಶೆಟ್ರು. ಗೋಡೆಯ ಕ್ಯಾಲೆಂಡರು ಅಲುಗಿತು.

"ನಿಮ್ಮದೇ. ಆದ್ರೆ ಫೋನಿನಲ್ಲಿ ಮಾತ್ರ ಇಡ್ಬೇಡಿ. ಆ ದಿನವೇ ಕಂಪ್ಯೂಟರಿಗೂ ಇಳಿಸಿ. ಎರಡು ಕಡೆ ಇರ್ಬೇಕು, ಆಂಟಿ. ಮರೀಬೇಡಿ."

ಗುಣವತಿ ತಲೆಯಾಡಿಸಿದರು. ಆ ಕ್ಷಣಕ್ಕೆ ಅವರು ಯಾವುದಕ್ಕೆ ಬೇಕಾದರೂ ತಲೆಯಾಡಿಸುತ್ತಿದ್ದರು.

ಶೆಟ್ರ ಫೋನು ಸಾಮಾನ್ಯದ್ದಲ್ಲ. ಮಸ್ಕತ್ತಿನಲ್ಲಿರುವ ಅಳಿಯ ಕೌಶಲ್ ತಾನು ಹೊಸದು ಕೊಂಡು ಹಳೆಯದನ್ನು ಮಾವನಿಗೆ ಕೊಟ್ಟಿದ್ದ. ಹಿಂದೆ ಕಚ್ಚಿದ ಹಣ್ಣಿನ ಗುರುತು. ಆ ಫೋನನ್ನು ಅಕ್ಕಿಡಬ್ಬಕ್ಕೆ ಒರಗಿಸಿ ಶೆಟ್ರು ಎರಡು ದಿನ ಮಾತಾಡಿದರು. ಮೊದಲು ಕ್ಯಾಂಟೀನಿನ ಮಾತು, ಆಮೇಲೆ ಮನೆಯ ಮಾತು. ಒಟ್ಟು ನಲವತ್ತಮೂರು ವಿಡಿಯೊ. ಒಂದರಲ್ಲೂ ಅವರ ಮುಖ ಪೂರ್ತಿ ಬರಲಿಲ್ಲ. ಗದ್ದ ಮತ್ತು ಫ್ಯಾನು ಮಾತ್ರ. ಆದರೆ ಸ್ವರ! ಅಕ್ಕಿಡಬ್ಬದೊಳಗಿನ ಅಕ್ಕಿ ಹದ ಬಂದ ಅನ್ನದ ಹಾಗೆ ಕುದಿಯಿತು. ಕೊನೆಗೆ ಅವರು ಹೆಂಡತಿಯ ಹೆಸರು ಹೇಳಿದರು. ಸಿಟ್ಟಿನ "ಗುಣವತೀ" ಬೇರೆ, ಹಸಿವಿನ "ಗುಣಾ" ಬೇರೆ, ಕನ್ನಡಕ ಕಾಣದಿದ್ದಾಗಿನ "ಇದಾ ಗುಣಾ, ಎಲ್ಲಿದ್ದಿ ಮಾರಾಯ್ತಿ" ಬೇರೆ. ಅಡುಗೆಮನೆಯಲ್ಲಿ ಹೆರೆಮಣೆಯ ಮೇಲೆ ಕುಳಿತಿದ್ದ ಗುಣವತಿ ತೆಂಗಿನಕಾಯಿ ಮುಗಿದು ಗೆರಟೆಯನ್ನೂ ಹೆರೆದರು.

ಇನ್ನು ಕಂಪ್ಯೂಟರಿಗೆ ಇಳಿಸುವುದು. ಮಗಳು ಮನ್ವಿತಾ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪು ಕಪಾಟಿನ ಮೇಲಿತ್ತು. ಮಸ್ಕತ್ತಿನಿಂದ ಅವಳು ಫೋನಿನಲ್ಲಿ ಹೇಳಿದಳು. "ಪಪ್ಪ, ವಾಟ್ಸಾಪಿನಲ್ಲಿ ಕಳಿಸ್ಬೇಡಿ, ಸ್ವರ ಸಪೂರ ಆಗ್ತದೆ. ಕೇಬಲ್ ಸಿಕ್ಕಿಸಿ. ಫೋನು ಒಂದು ಪ್ರಶ್ನೆ ಕೇಳ್ತದೆ, ಎಸ್ ಅನ್ನಿ. ಅಷ್ಟೇ."

ಕೇಬಲ್ ಸಿಕ್ಕಿಸಿದರು. ಫೋನು ಪ್ರಶ್ನೆ ಕೇಳಿತು. ಇಂಗ್ಲಿಷಿನಲ್ಲಿತ್ತು. ಶೆಟ್ರು ಕನ್ನಡಕ ಏರಿಸಿ ಓದಿದರು. 'ಈ ಕಂಪ್ಯೂಟರನ್ನು ನಂಬುತ್ತೀರಾ?' ಕೆಳಗೆ ಎರಡು ಗುಂಡಿ: 'ನಂಬು', 'ನಂಬಬೇಡ'.

"ಎಂತದು?" ಎಂದರು ಗುಣವತಿ.

"ಇದನ್ನು ನಂಬ್ತೀರಾ ಅಂತ ಕೇಳ್ತದೆ."

"ಯಾರನ್ನು?"

"ಈ ಡಬ್ಬವನ್ನು."

ಘಟ್ಟದ ಮೇಲಿನವರಿಗೆ ಇದರಲ್ಲಿ ಎಂತ ಕಷ್ಟ ಎಂದು ಅನಿಸಬಹುದು. ನಮ್ಮ ಕಡೆ ನಂಬುವುದೆಂದರೆ ಸಣ್ಣ ಮಾತಲ್ಲ. ನಂಬುವುದು ದೈವವನ್ನು. ಅಜ್ಜನ ಅಜ್ಜ ನಂಬಿದ್ದು, ಅಪ್ಪ ನಂಬಿದ್ದು, ವರ್ಷಕ್ಕೊಮ್ಮೆ ಎದುರು ನಿಂತು "ನಂಬಿದ್ದೇವೆ, ಕೈಬಿಡಬೇಡ" ಎಂದು ಅಡ್ಡಬೀಳುವುದು. ಆ ಮಾತನ್ನು ಕಪಾಟಿನ ಮೇಲಿನ ಧೂಳು ಹಿಡಿದ ಡಬ್ಬಕ್ಕೆ ಹೇಳುವುದೇ?

"ಗುಣಾ, ಆಪರೇಷನಿಗೆ ಹೋಗುವ ಹೊತ್ತಿನಲ್ಲಿ ಇಂಥದ್ದೆಲ್ಲ ಒತ್ತುದು ಸರಿಯಾ?"

"ಸರಿಯಲ್ಲ," ಎಂದರು ಗುಣವತಿ. "ನಾವು ನಂಬಿದ್ದು ಒಬ್ಬರನ್ನು. ಇನ್ನೊಂದನ್ನು ನಂಬ್ತೇವೆ ಅಂತ ಒತ್ತಿ, ಅಲ್ಲಿ ಎಂತಾದ್ರೂ ಹೆಚ್ಚುಕಡಿಮೆ ಆದ್ರೆ?"

ಶೆಟ್ರು 'ನಂಬಬೇಡ' ಒತ್ತಿದರು. ಎಷ್ಟು ಭಕ್ತಿಯಿಂದ ಒತ್ತಿದರೆಂದರೆ ಗಾಜಿನ ಮೇಲೆ ಅವರ ಹೆಬ್ಬೆರಳಿನ ಗೆರೆಗಳು ಇವತ್ತಿಗೂ ಎಣಿಸಲು ಸಿಗುತ್ತವೆ.

ಆಪರೇಷನ್ ಆಯಿತು. ಜೀವ ಉಳಿಯಿತು. ಸ್ವರ ಹೋಯಿತು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಕೈಯಲ್ಲಿ ಮಕ್ಕಳು ಬರೆಯುವಂಥ ಒಂದು ಸ್ಲೇಟು. ಮನೆಯಲ್ಲಿ ಎಂಥ ಮೌನವೆಂದರೆ ಹಿತ್ತಲಿನಲ್ಲಿ ಬಸಳೆ ಬಳ್ಳಿ ಚಿಗುರುವ ಸದ್ದು ಗುಣವತಿಗೆ ಒಳಗೆ ಕೇಳುತ್ತಿತ್ತು. ಬರೆಯಲು ಬೇಸರವಾಗಿ ಶೆಟ್ರು ಬರಬರುತ್ತಾ ಬರೆಯುವುದನ್ನೂ ಬಿಟ್ಟರು. ಚಹಾ ಬೇಕಾದರೆ ಲೋಟ ಕುಟ್ಟುತ್ತಿದ್ದರು. ಗುಣವತಿ ಬಂದು ಲೋಟ ತೆಗೆದುಕೊಂಡು ಹೋಗುತ್ತಿದ್ದರು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಲೋಟದ ಸದ್ದಿಗೆ ಏಳಬೇಕಾಯಿತು.

ದಿನಾ ಸಂಜೆ ಆರಕ್ಕೆ ಗಂಡನ ಫೋನನ್ನು ಚಾರ್ಜಿಗೆ ಇಡುವುದು ಗುಣವತಿಯೇ. ಗೋಡೆಯ ಪ್ಲಗ್ಗಿನಲ್ಲಿ ಶೆಟ್ರ ಉಸಿರಿನ ತೂತಿಗೆ ಹಬೆ ಕೊಡುವ ಯಂತ್ರ. ಹಾಗಾಗಿ ಫೋನು ಲ್ಯಾಪ್‌ಟಾಪಿಗೆ. ಸಿಕ್ಕಿಸಿದ ಕೂಡಲೇ ಅದು ಕೇಳುತ್ತಿತ್ತು, 'ನಂಬುತ್ತೀರಾ?' ಗುಣವತಿ ಒತ್ತುತ್ತಿದ್ದರು, 'ನಂಬಬೇಡ'. ನಾಲ್ಕು ತಿಂಗಳು, ಒಂದು ದಿನವೂ ತಪ್ಪದೆ. ಕೊನೆಗೆ ಆ ಕೇಬಲಿನ ಕುತ್ತಿಗೆಯೇ ಮುರಿಯಿತು, ಪ್ರಶ್ನೆಯೂ ನಿಂತಿತು. ಪೀಡೆ ಹೋಯಿತು ಎಂದುಕೊಂಡು ಗುಣವತಿ ರಸ್ತೆಬದಿಯ ಗಾಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಇನ್ನೊಂದು ಕೇಬಲ್ ತಂದರು. ಅದರಲ್ಲಿ ಚಾರ್ಜು ಆಗುತ್ತಿತ್ತು, ಪ್ರಶ್ನೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಸಂಚಿತಾ ಫೋನು ಮಾಡಿದಳು. "ಆಂಟಿ, ಗಾಯ ಒಣಗಿದೆ ಅಂದ್ರು ಡಾಕ್ಟರು. ಶುಕ್ರವಾರ ಬನ್ನಿ. ಅಂಕಲ್‌ನ ವಿಡಿಯೊಗಳನ್ನು ತನ್ನಿ."

ಗುಣವತಿಗೆ ಆ ವಾರ ನಾಲ್ಕೇ ದಿನದ್ದು. ಉಳಿದ ಮೂರು ದಿನಗಳನ್ನು ಅವರು ಶುಕ್ರವಾರದ ಆಸೆಯಲ್ಲಿ ನುಂಗಿಬಿಟ್ಟಿದ್ದರು.

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಶೆಟ್ರು ಸಾಂಬಾರಿನ ಪಾತ್ರೆಯ ಮೇಲೆ ಬಗ್ಗಿ ಹದ ನೋಡಿದರು. ಪಾತ್ರೆ ಅಂದರೆ ಪಾತ್ರೆಯೇ, ಇಬ್ಬರು ಅದರಲ್ಲಿ ಈಜು ಕಲಿಯಬಹುದು. ಕಿಸೆಯಿಂದ ಫೋನು ಜಾರಿತು. ಬುಳುಂಕ್.

ಮೊದಲಿನ ಶೆಟ್ರಾಗಿದ್ದರೆ ಹಾಕುವ ಬೊಬ್ಬೆಗೆ ಅಗ್ನಿಶಾಮಕದಳ ತಾನಾಗಿಯೇ ಬರುತ್ತಿತ್ತು. ಈಗ ಅವರು ಬಾಯಿ ತೆರೆದರು, ಏನೂ ಬರಲಿಲ್ಲ. ಸೌಟಿನಿಂದ ಪಾತ್ರೆಗೆ ಬಡಿದರು. ಅಡುಗೆಯ ಮುದ್ದಣ್ಣ ತಿರುಗಿ ನೋಡಿದ.

"ಉಪ್ಪು ಕಡಿಮೆಯಾ ಧನಿ?"

ಶೆಟ್ರು ತಲೆಯಲ್ಲಾಡಿಸಿ ಮತ್ತೆ ಬಡಿದರು.

"ಹುಳಿ ಜಾಸ್ತಿಯಾ?"

ಬಡಿದರು, ಬಡಿದರು, ಪಾತ್ರೆ ಚಪ್ಪಟೆಯಾಗುವಷ್ಟು ಬಡಿದರು. ಮುದ್ದಣ್ಣ ಪಾಪ, ಬೆಲ್ಲ ಹಾಕಿದ. ಇಂಗು ಹಾಕಿದ. ಧನಿಯ ಮನಸ್ಸಿಗೆ ಇನ್ನೂ ಬರಲಿಲ್ಲವೆಂದು ಒಂದು ಹಿಡಿ ಕೊತ್ತಂಬರಿಯನ್ನೂ ಉದುರಿಸಿದ. ಶೆಟ್ರ ಸ್ಲೇಟು ಗಲ್ಲಾದ ಮೇಲೆ ಇತ್ತು, ಮೂವತ್ತು ಹೆಜ್ಜೆ ದೂರ. ಅವರು ಓಡಿ ತಂದು, 'ಫೋನ್' ಎಂದು ಬರೆದು, ಮುದ್ದಣ್ಣ ಓದಿ, ಜಾಲರಿ ಸೌಟು ಹುಡುಕಿ, ಫೋನು ಮೇಲೆ ಬರುವಾಗ ಅದು ಹದವಾಗಿ ಬೆಂದಿತ್ತು.

ಶೆಟ್ರು ಅಲ್ಲೇ ಮೆಟ್ಟಿಲಲ್ಲಿ ಕುಳಿತರು. ಆ ದಿನ ಕ್ಯಾಂಟೀನಿನಲ್ಲಿ ಯಾರಿಗೂ ಸಾಂಬಾರು ಬಡಿಸಲಿಲ್ಲ.

ಸುದ್ದಿ ಕೇಳಿ ಗುಣವತಿ ರಿಕ್ಷಾದಲ್ಲಿ ಕ್ಯಾಂಟೀನಿಗೆ ಬಂದು, ಗಂಡನನ್ನೂ ಫೋನನ್ನೂ ಹತ್ತಿಸಿಕೊಂಡು ನೇರ ಮನೆಯ ಹತ್ತಿರದ ಅಬ್ದುಲ್ಲನ ಮೊಬೈಲ್ ರಿಪೇರಿ ಅಂಗಡಿಗೆ ಹೋದರು. ಅಬ್ದುಲ್ಲ ಫೋನು ಬಿಚ್ಚಿ, ತೊಳೆದು, ಒಣಗಿಸಿ, ಭೂತಗನ್ನಡಿ ಹಿಡಿದು ಅದರೊಳಗಿಂದ ಒಂದು ಸಾಸಿವೆ ತೆಗೆದ. ಸಂಜೆಗೆ ಫೋನು ಕಣ್ಣು ಬಿಟ್ಟಿತು.

"ಬದುಕಿತಾ ಅಬ್ದುಲ್ಲ?"

"ಸುಳ್ಳು ಹೇಳುದಿಲ್ಲ ಅಕ್ಕ. ಒಳಗೆ ಬೋರ್ಡಿಗೆ ತುಕ್ಕು ಹಿಡೀತಾ ಉಂಟು. ಇಪ್ಪತ್ತು ನಿಮಿಷ ಆನ್ ಇರ್ತದೆ, ಮತ್ತೆ ಆಫ್. ನಾಳೆ ಹತ್ತು ನಿಮಿಷ ಆಗ್ಬಹುದು. ನಾಡಿದ್ದು ಇಲ್ಲ. ಇರುದನ್ನೆಲ್ಲ ಈಗಲೇ ಕಂಪ್ಯೂಟರಿಗೆ ಇಳಿಸಿ. ಇಲ್ಲೇ ಇಳಿಸಿ ಕೊಡ್ಲಾ? ಶೆಟ್ರು ಪಾಸ್‌ಕೋಡ್ ಒತ್ತಿದ್ರೆ ಸಾಕು."

ಶೆಟ್ರು ಸ್ಲೇಟಿನಲ್ಲಿ ದೊಡ್ಡದಾಗಿ ಬರೆದರು: 'ಬೇಡ.' ಹೊರಗಿನ ಅಂಗಡಿಯಲ್ಲಿ ಬೇಡ ಎಂದಿರಬೇಕು ಎಂದುಕೊಂಡರು ಗುಣವತಿ.

ಮನೆಗೆ ಬರುವಷ್ಟರಲ್ಲಿ ಆಫ್ ಆದ ಫೋನು ಮತ್ತೆ ಕಣ್ಣು ಬಿಟ್ಟದ್ದು ಬುಧವಾರ ಮಧ್ಯಾಹ್ನ. ಲ್ಯಾಪ್‌ಟಾಪು ತೆರೆದು, ರಸ್ತೆಬದಿಯ ಕೇಬಲ್ ಸಿಕ್ಕಿಸಿದರು. ಫೋನು ಉಸಿರೆತ್ತಲಿಲ್ಲ. ಲ್ಯಾಪ್‌ಟಾಪೂ ಎತ್ತಲಿಲ್ಲ. ನಾಲ್ಕು ತಿಂಗಳು ಬೇಡಬೇಡವೆಂದರೂ ಕೇಳಿದ ಪ್ರಶ್ನೆ ಈಗ ಬೇಕೆಂದರೂ ಬರಲಿಲ್ಲ. ಗುಣವತಿ ಗಾಬರಿಯಾಗಿ ತಮ್ಮ ಫೋನಿನಲ್ಲಿ ಇಂಟರ್ನೆಟ್ ನೋಡಿದರು. 'ಸಹಾಯವಾಣಿ' ಎಂದು ಒಂದು ನಂಬರು ಸಿಕ್ಕಿತು. ಮಾಡಿದರು. ಆಚೆಯವನ ಸ್ವರದಲ್ಲಿ ಜೇನು, ಬೆಣ್ಣೆ, ಕಲ್ಲುಸಕ್ಕರೆ ಮೂರೂ ಇತ್ತು.

"ಏನೂ ಯೋಚನೆ ಮಾಡ್ಬೇಡಿ ಮೇಡಂ. ನಾನು ಹೇಳೋ ಒಂದು ಆ್ಯಪ್ ಲ್ಯಾಪ್‌ಟಾಪಿಗೆ ಹಾಕಿ. ನಿಮ್ಮ ಸ್ಕ್ರೀನು ನನಗೆ ಇಲ್ಲಿಂದಲೇ ಕಾಣ್ಸುತ್ತೆ, ಐದು ನಿಮಿಷದಲ್ಲಿ ಸರಿ ಮಾಡ್ತೀನಿ. ಹಾಕಿದ್ರಾ? ಒಂಬತ್ತು ಅಂಕಿ ಬಂತಾ? ಓದಿ ಹೇಳಿ."

"ನಾಲ್ಕು... ಏಳು... ಒಂದು..."

ಅಷ್ಟರಲ್ಲಿ ಬಾಗಿಲಲ್ಲಿ ನೆರೆಮನೆಯ ಮೆರ್ಲಿನ್ ಬಾಯಿ. ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು, ಆಮೇಲೆ ಕಂಪ್ಯೂಟರು ಕಲಿಸಿದವರು. ಅರ್ಧ ಮಂಗಳೂರಿನ ಬೆರಳುಗಳು ಅವರ ಅಡಿಸ್ಕೇಲಿನ ಪೆಟ್ಟು ತಿಂದು ನೆಟ್ಟಗಾಗಿವೆ. ಅವರು ಚಪ್ಪಲಿ ಸಮೇತ ಒಳಗೆ ಬಂದು, ಗುಣವತಿಯ ಕೈಯಿಂದ ಫೋನು ಕಿತ್ತುಕೊಂಡು, ಕಟ್ ಮಾಡಿ, ಆ ಆ್ಯಪನ್ನು ಲ್ಯಾಪ್‌ಟಾಪಿನಿಂದ ತೆಗೆದೇ ಕುಳಿತದ್ದು.

"ಯಾರವನು?"

"ಕಂಪನಿಯವನು ಬಾಯಿ..." ಎಂದು ಗುಣವತಿ ಸಾಂಬಾರಿನಿಂದ ಹಿಡಿದು 'ನಂಬಬೇಡ'ದವರೆಗೆ ಎಲ್ಲ ಹೇಳಿದರು.

"ಕಂಪನಿಯವನು! ಆ ನಂಬರು ಇಟ್ಟದ್ದು ಯಾರೋ ಕಳ್ಳ. ಒಂಬತ್ತು ಅಂಕಿ ಪೂರ್ತಿ ಹೇಳಿದ್ರೆ ಅವನು ಈ ಲ್ಯಾಪ್‌ಟಾಪಿನೊಳಗೆ ಕೂತು ನಿಮ್ಮ ಬ್ಯಾಂಕಿಗೇ ಹೋಗ್ತಿದ್ದ. ಎಂತ ಗುಣವತಿಯಕ್ಕ, ಮನೆಯ ಕಂಪ್ಯೂಟರನ್ನು ನಂಬುದಿಲ್ಲ, ಮುಖ ಕಾಣದವನನ್ನು ನಂಬ್ತೀರಾ? ನಿಮ್ಮ ದೈವ ನಗ್ಲಿಕ್ಕಿಲ್ವಾ?"

ಗುಣವತಿಗೆ ಕೂತಲ್ಲೇ ಭೂಮಿ ಏಳು ಕೋಲು ಕೆಳಗಿಳಿಯಿತು.

ಮೆರ್ಲಿನ್ ಬಾಯಿ ಕೇಬಲನ್ನು ಎತ್ತಿ ಬೆಳಕಿಗೆ ಹಿಡಿದರು. "ಇದು ಊಟ ಹಾಕುವ ಕೇಬಲ್ ಮಾತ್ರ. ಚಾರ್ಜು ದಾಟಿಸ್ತದೆ, ಮಾತು ದಾಟಿಸುದಿಲ್ಲ. ಡಾಟಾ ಹೋಗುವ ಕೇಬಲ್ ಬೇಕು. ಅಬ್ದುಲ್ಲನಲ್ಲಿ ಉಂಟು, ಓಡಿ. ಅಷ್ಟರಲ್ಲಿ ನಾನು ಸಾಫ್ಟ್‌ವೇರ್ ಹಾಕ್ತೇನೆ. ಈ ಫೋನು ಮಾಡಿದ ಕಂಪನಿಯದ್ದೇ ಉಂಟು, ಲ್ಯಾಪ್‌ಟಾಪಿನ ಒಳಗಿನ ಆ್ಯಪ್ ಅಂಗಡಿಯಿಂದ ತೆಗೀಬೇಕು. ಕಂಡಕಂಡ ವೆಬ್‌ಸೈಟಿಂದ ಅಲ್ಲ. ಮೊದಲು ಹೇಳಿ, ವಿಡಿಯೊ ಇಂಟರ್ನೆಟ್ಟಿನ ಕ್ಲೌಡಿನಲ್ಲಿ ಉಂಟಾ?"

"ಅದು ಫುಲ್ ಅಂತ ಎರಡು ವರ್ಷದಿಂದ ತೋರಿಸ್ತಾ ಉಂಟು."

"ಹಾಗಾದ್ರೆ ಫೋನಿನಲ್ಲಿ ಮಾತ್ರ. ಓಡಿ, ಓಡಿ!"

ಅರವತ್ತೊಂದರ ಗುಣವತಿ ಓಡಿದರು. ಜಂಕ್ಷನ್ನಿನಲ್ಲಿ ಬಾಲಯೇಸುವಿನ ಮಂದಿರಕ್ಕೆ ಬಂದ ಯಾತ್ರಿಕರ ಬಸ್ಸು ರಸ್ತೆಗೆ ಅಡ್ಡ ನಿಂತಿತ್ತು. ಅವರು ಬಸ್ಸಿನ ಒಂದು ಬಾಗಿಲಿನಿಂದ ಹತ್ತಿ ಇನ್ನೊಂದರಿಂದ ಇಳಿದು ಓಡಿದರು. ಅವರು ತಿರುಗಿ ಬರುವಾಗ ಸಾಫ್ಟ್‌ವೇರ್ ಸಿದ್ಧವಿತ್ತು. ಆದರೆ ಫೋನು ಆನ್ ಆಗಲು ಅರ್ಧ ಗಂಟೆ ಹಟ ಮಾಡಿತು. ಅಬ್ದುಲ್ಲ ಹೇಳಿದ ಇಪ್ಪತ್ತು ನಿಮಿಷ ಈಗ ಏಳು ನಿಮಿಷವಾಗಿತ್ತು.

ಕೇಬಲ್ ಸಿಕ್ಕಿಸಿದರು. ಬಂತು. 'ಈ ಕಂಪ್ಯೂಟರನ್ನು ನಂಬುತ್ತೀರಾ?'

ಗುಣವತಿಯ ಬೆರಳು ಅಭ್ಯಾಸಬಲದಿಂದ 'ನಂಬಬೇಡ'ದ ಕಡೆಗೆ ಹೋಯಿತು. ಮೆರ್ಲಿನ್ ಬಾಯಿ ಅದನ್ನು ಗಾಳಿಯಲ್ಲೇ ಹಿಡಿದರು.

"ಬಾಯಿ, ಅದು ನಂಬು ಅಂತ..."

"ದೈವವನ್ನು ನಂಬುದು ಬೇರೆ ಗುಣವತಿಯಕ್ಕ, ಇದು ಬೇರೆ. ಮನೆಗೆ ಯಾರಾದ್ರೂ ಬಂದ್ರೆ ನೀವು ಕಿಟಕಿಯಲ್ಲಿ ಇಣುಕಿ, ನಮ್ಮವರೇ ಅಂತ ಗೊತ್ತಾದ್ರೆ ಚಿಲಕ ತೆಗೀತೀರಲ್ವಾ? ಈ ಫೋನು ಚಿಲಕ ಹಿಡ್ಕೊಂಡು ನಿಂತಿದೆ. 'ಅಮ್ಮಾ, ಈ ಕಂಪ್ಯೂಟರು ನಮ್ಮ ಮನೆಯದ್ದಾ, ತೆಗೀಲಾ?' ಅಂತ ಕೇಳುದು, ಅಷ್ಟೇ. ನಮ್ಮದಾದ್ರೆ ನಂಬು. ಬಸ್‌ಸ್ಟ್ಯಾಂಡಿನಲ್ಲಿ, ಗುರುತಿಲ್ಲದ ಅಂಗಡಿಯಲ್ಲಿ ಚಾರ್ಜಿಗೆ ಹಾಕಿದಾಗ ಕೇಳಿದ್ರೆ ನಂಬಬೇಡ. ಆಗ ನಿಮ್ಮ ಬೆರಳು ಸರಿ."

ಗುಣವತಿ 'ನಂಬು' ಒತ್ತಿದರು. ದಿನಾ ಸಂಜೆ ಅದು ಬಾಗಿಲು ತೆಗೆಯಲಾ ಎಂದು ಕೇಳಿದ್ದು, ದಿನಾ ಸಂಜೆ ತಾನು ಅದರ ಮುಖಕ್ಕೆ ಬಾಗಿಲು ಹಾಕಿದ್ದು. ನೂರಿಪ್ಪತ್ತು ಸಂಜೆ. ಒಂದೇ ಒಂದು ಸಂಜೆ ತೆಗೆದಿದ್ದರೆ ಸಾಕಿತ್ತು.

ಫೋನು ಈಗ ಪಾಸ್‌ಕೋಡ್ ಕೇಳಿತು. "ಶೆಟ್ರೇ, ಬನ್ನಿ," ಎಂದರು ಮೆರ್ಲಿನ್ ಬಾಯಿ. "ನಮಗೆ ಹೇಳ್ಬೇಡಿ. ನಾವು ಆಚೆ ತಿರುಗ್ತೇವೆ. ನೀವೇ ಒತ್ತಿ."

ಶೆಟ್ರು ಕುರ್ಚಿಯಿಂದ ಏಳಲಿಲ್ಲ. ಸ್ಲೇಟು ಎತ್ತಿ ಹಿಡಿದರು. 'ಬೇಡ.'

"ಎಂತ ಬೇಡ?" ಎಂದರು ಗುಣವತಿ. "ಶುಕ್ರವಾರ ಸಂಚಿತಾ ತನ್ನಿ ಅಂದಿದ್ದಾಳೆ."

ಒರೆಸಿದರು, ಬರೆದರು. 'ಅವನ ಸ್ವರ ಕೇಳಲು ನನಗೆ ಆಗುದಿಲ್ಲ.'

ಅವನು ಎಂದರೆ ಯಾರು ಎಂದು ಮೆರ್ಲಿನ್ ಬಾಯಿಗೆ ತಿಳಿಯಲಿಲ್ಲ. ಗುಣವತಿಗೆ ತಿಳಿಯಿತು. ಗಲ್ಲಾದಲ್ಲಿ ಕುಳಿತು ಊರನ್ನೇ ನಡುಗಿಸುತ್ತಿದ್ದ ಆ ಇನ್ನೊಬ್ಬ ಮಹಾಬಲ. ಈ ಮನುಷ್ಯ ಅವನನ್ನು ತನ್ನ ಲೆಕ್ಕಕ್ಕೆ ಮಣ್ಣು ಮಾಡಿ ಬಂದಿದ್ದ.

"ಇದಾ, ಕೇಳಿ ಇಲ್ಲಿ," ಎಂದರು ಗುಣವತಿ. ಅವರ ಸ್ವರ ಸಣ್ಣದು, ಆದರೆ ಗಂಡ ಹೆಂಡಿರಲ್ಲಿ ಈಗ ಸ್ವರ ಇದ್ದದ್ದು ಅವರೊಬ್ಬರಿಗೆ. "ನಲವತ್ತು ವರ್ಷ ಆ ಸ್ವರದಲ್ಲಿ ಬೈಸಿಕೊಂಡದ್ದು ನಾನು. ಆ ಸ್ವರಕ್ಕೆ ಚಾ ಮಾಡಿದ್ದು ನಾನು. ಅದು ನಿಮ್ಮದು ಮಾತ್ರ ಅಂತ ಯಾರು ಹೇಳಿದ್ದು? ನಿಮಗೆ ಬೇಡದಿದ್ರೆ ಬೇಡ. ನನ್ನ ಪಾಲು ನನಗೆ ಕೊಡಿ."

ಶೆಟ್ರು ಸ್ಲೇಟಿನಲ್ಲಿದ್ದದ್ದನ್ನು ಒಂದೊಂದೇ ಅಕ್ಷರವಾಗಿ ಒರೆಸಿದರು. ಆಮೇಲೆ ಎದ್ದು ಬಂದರು. ಅಷ್ಟರಲ್ಲಿ ಫೋನು ಆಫ್ ಆಗಿತ್ತು.

ಅದು ಮತ್ತೆ ಕಣ್ಣು ತೆರೆಯಲು ತೆಗೆದುಕೊಂಡ ಸಮಯದಲ್ಲಿ ಸಮುದ್ರ ಎರಡು ಸಲ ಬತ್ತಿ ತುಂಬಿತು. ಮೆರ್ಲಿನ್ ಬಾಯಿ ಕೊರಳಿನ ಶಿಲುಬೆ ಹಿಡಿದುಕೊಂಡರು. ಗುಣವತಿ ಊರಿನ ಅಷ್ಟೂ ದೈವಗಳಿಗೆ ಹರಕೆ ಹೊತ್ತರು, ಕೆಲವು ಪಕ್ಕದ ಊರಿನವು. ಕೊನೆಗೆ ಬೆಳಕು ಬಂತು. ಪ್ರಶ್ನೆ ಬಂತು. 'ನಂಬು' ಒತ್ತಿದರು. ಶೆಟ್ರು ಪಾಸ್‌ಕೋಡ್ ಒತ್ತಿದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಫೋನಿನ ಹೆಸರು ಮೂಡಿತು, ಒಳಗೆ ಸಾಲಾಗಿ ಗದ್ದ ಮತ್ತು ಫ್ಯಾನು, ಗದ್ದ ಮತ್ತು ಫ್ಯಾನು, ನಲವತ್ತಮೂರು.

ಮೆರ್ಲಿನ್ ಬಾಯಿಯ ಬೆರಳು ಮಿಂಚಿತು. ಎಲ್ಲವನ್ನೂ ಆರಿಸಿ, ಕಾಪಿ, ಪೇಸ್ಟ್. ಹಸಿರು ಪಟ್ಟಿ ಹರಿಯತೊಡಗಿತು. ಒಂದು. ಎರಡು. ಮೂರು.

"ಬೇಗ ಬಾಯಿ..."

"ಅದರ ಕಾಲಿಗೆ ನಾನು ಚಕ್ರ ಕಟ್ಲಾ? ಸುಮ್ಮನಿರಿ."

ಆರು. ಏಳು. ಎಂಟು. ಒಂಬತ್ತು.

ಟಿಣ್ ಎಂದು ಒಂದು ಸದ್ದು. ಪಟ್ಟಿ ನಿಂತಿತು. ಫೋನು ಕಪ್ಪಾಯಿತು. ಈ ಸಲ ಅದರಿಂದ ಸಣ್ಣಗೆ ಇಂಗಿನ ವಾಸನೆ ಬಂತು.

ಅಬ್ದುಲ್ಲ ಗುರುವಾರ ಇಡೀ ದಿನ ಅದರ ಮುಂದೆ ಕುಳಿತ. ಬೇರೆ ಗಿರಾಕಿಗಳನ್ನು ಓಡಿಸಿದ. ದೊಡ್ಡ ಊರಿನ ದೊಡ್ಡ ರಿಪೇರಿಯವರಿಗೂ ಆಮೇಲೆ ಕಳಿಸಿದರು. ಅವರೂ ಹಿಂದೆ ಕಳಿಸಿದರು. "ಒಂದು ವಾರ ಮೊದಲು ಇಳಿಸಿದ್ರೆ ಹತ್ತು ನಿಮಿಷದ ಕೆಲಸ ಅಕ್ಕ," ಎಂದ ಅಬ್ದುಲ್ಲ. ಆಮೇಲೆ ಅದನ್ನು ಹೇಳಬಾರದಿತ್ತು ಎಂದು ಅವನಿಗೇ ಅನಿಸಿ, ಒಂದು ಒಳ್ಳೆಯ ಕೇಬಲನ್ನು ಕಾಗದದಲ್ಲಿ ಸುತ್ತಿ ಗುಣವತಿಯ ಕೈಯಲ್ಲಿಟ್ಟ.

ಉಳಿದದ್ದು ಒಂಬತ್ತು ಮಾತು. ಶೆಟ್ರು ಮೊದಲು ಮಾಡಿದ್ದು ಕ್ಯಾಂಟೀನಿನ ಮಾತುಗಳು, ಹಾಗಾಗಿ ಮೊದಲು ದಾಟಿದ್ದೂ ಅವೇ. 'ಎರಡು ಬನ್ಸ್, ಒಂದು ಚಾ.' 'ಚಿಲ್ಲರೆ ಉಂಟಾ?' 'ಕೈ ತೊಳೀಲಿಕ್ಕೆ ಆ ಕಡೆ.' 'ಒಳಗೆ ಜಾಗ ಉಂಟು, ಬನ್ನಿ.' 'ಬಂಗುಡೆ ಖಾಲಿ!' ಅಂಥವು. 'ನೋವುಂಟು' ಬರಲಿಲ್ಲ. 'ನೀರು' ಬರಲಿಲ್ಲ. ಮಗಳ ಹೆಸರು, ಮೊಮ್ಮಗಳ ಹೆಸರು ಬರಲಿಲ್ಲ. ಗುಣವತಿ ಬರಲಿಲ್ಲ. ಗುಣಾ ಬರಲಿಲ್ಲ.

ಶುಕ್ರವಾರ ಸಂಚಿತಾ ಆ ಒಂಬತ್ತನ್ನೇ ಶೆಟ್ರಿಗೆ ಕೊಂಡ ಹೊಸ ಫೋನಿನ ಆ್ಯಪಿಗೆ ಹಾಕಿದಳು. ಒಂಬತ್ತು ಗುಂಡಿ.

ಆ ಹೊಸ ಫೋನನ್ನು ಮನೆಗೆ ತಂದ ದಿನವೇ ಶೆಟ್ರು ಅಬ್ದುಲ್ಲ ಕೊಟ್ಟ ಕೇಬಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಯಾರೂ ಹೇಳದೆ 'ನಂಬು' ಒತ್ತಿದರು. ಮೆರ್ಲಿನ್ ಬಾಯಿ ಆ ಒಂಬತ್ತನ್ನು ಒಂದು ಪೆನ್‌ಡ್ರೈವಿಗೂ ಹಾಕಿ, ಬೇರೆ ಕಡೆ ಇರಲಿ ಎಂದು ತಮ್ಮ ಮನೆಯ ಕಪಾಟಿನಲ್ಲಿಟ್ಟರು. ಮಸ್ಕತ್ತಿನಲ್ಲಿ ಮನ್ವಿತಾ ತನ್ನ ಮನೆಯ ಮೂರೂ ಫೋನುಗಳಲ್ಲಿದ್ದದ್ದನ್ನು ಅಳುತ್ತಲೇ ಕಂಪ್ಯೂಟರಿಗೆ ಇಳಿಸಿದಳು. ಈಗ ಆದಿತ್ಯವಾರ ಬೆಳಗ್ಗೆ ಶೆಟ್ರ ಮನೆಯಲ್ಲಿ ತಿಂಡಿಯಾದ ಕೂಡಲೇ ಕೇಬಲ್ ಹೊರಗೆ ಬರುತ್ತದೆ. ಆ ಬೀದಿಯ ಹನ್ನೆರಡು ಮನೆಯವರು ಗುಣವತಿಯಿಂದ ಕಲಿತಿದ್ದಾರೆ. ಗುಣವತಿ ಕಲಿಸುವಾಗ ನಗುವುದಿಲ್ಲ.

ಮಧ್ಯಾಹ್ನ ಮನೆಯೊಳಗೆ ಕುಳಿತ ಶೆಟ್ರಿಗೆ ನೀರು ಬೇಕಾದರೆ, ನೋವಾದರೆ, ಕನ್ನಡಕ ಕಾಣದಿದ್ದರೆ, ಸುಮ್ಮನೆ ಹೆಂಡತಿ ಹತ್ತಿರ ಕೂರಬೇಕೆನಿಸಿದರೆ, ಕರೆಯಲು ಅವರಲ್ಲಿರುವುದು ಅಷ್ಟೇ. ಹುಡುಕಿ ಹುಡುಕಿ ಎಲ್ಲಕ್ಕಿಂತ ಜೋರಿನ ಗುಂಡಿ ಒತ್ತುತ್ತಾರೆ.

"ಬಂಗುಡೆ ಖಾಲಿ!"

ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿರುವ ಗುಣವತಿ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಡುತ್ತಾರೆ.

"ಬಂದೆ," ಎನ್ನುತ್ತಾರೆ. "ಬಂದೆ, ಬಂದೆ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಷ್ಟು ಹೊತ್ತು ಹೇಳಿದ್ದರಲ್ಲಿ ಉಪ್ಪುಖಾರ ಧಾರಾಳ ಇದೆ. ಇನ್ನು ಹೇಳುವುದರಲ್ಲಿ ಇಲ್ಲ. ನಿಮ್ಮ ಫೋನಿನಲ್ಲಿ ಇನ್ನೊಮ್ಮೆ ಸಿಗದಂಥದ್ದು ಏನಿದೆಯೋ ಅದನ್ನು ಈ ವಾರವೇ ಮನೆಯ ಕಂಪ್ಯೂಟರಿಗೆ ಇಳಿಸಿ. ಬರೀ ಚಾರ್ಜಿನ ಕೇಬಲ್ ಸಾಲದು, ಡಾಟಾ ಹೋಗುವ ಕೇಬಲ್ ಕೇಳಿ ತನ್ನಿ. ಸಾಫ್ಟ್‌ವೇರ್ ಬೇಕೆಂದರೆ ಫೋನು ಮಾಡಿದ ಕಂಪನಿಯದ್ದನ್ನೇ ಹಾಕಿ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಸಹಾಯವಾಣಿಗೆ ಫೋನು ಮಾಡಬೇಡಿ, ಯಾರಿಗೂ ನಿಮ್ಮ ಪರದೆ ತೋರಿಸಬೇಡಿ, ಅಂಕಿ ಓದಿ ಹೇಳಬೇಡಿ. ನಿಮ್ಮದೇ ಕಂಪ್ಯೂಟರು ಎದುರಿರುವಾಗ ಫೋನು 'ನಂಬುತ್ತೀರಾ' ಎಂದೋ 'ಅನುಮತಿಸುತ್ತೀರಾ' ಎಂದೋ ಕೇಳಿದರೆ ಹೌದು ಎನ್ನಿ. ಕೆಲವು ಫೋನುಗಳಲ್ಲಿ 'ಫೈಲ್ ಟ್ರಾನ್ಸ್‌ಫರ್' ಎಂಬುದನ್ನು ಆರಿಸಬೇಕು. ಪಾಸ್‌ಕೋಡನ್ನು ನೀವೇ ಒತ್ತಿ. ಇಳಿಸಿದ್ದನ್ನು ಒಮ್ಮೆ ತೆರೆದು ನೋಡಿ, ಪೆನ್‌ಡ್ರೈವಿಗೂ ಹಾಕಿ ಬೇರೆ ಕಡೆ ಇಡಿ. ಗೊತ್ತಾಗದಿದ್ದರೆ ಗುರುತಿನವರನ್ನು ಮನೆಗೆ ಕರೆಯಿರಿ, ನಾಚಿಕೆ ಬೇಡ.

ನಿಮ್ಮನ್ನು ಹೆಸರು ಹಿಡಿದು ಕರೆಯುವ ಒಂದು ಸ್ವರ ನಿಮ್ಮ ಫೋನಿನಲ್ಲೂ ಉಂಟಲ್ಲ? ಈ ಕಾಗದ ಕೆಳಗಿಟ್ಟು ಮೊದಲು ಕೇಬಲ್ ಹುಡುಕಿ.